ಬಿ.ಎಸ್ಸಿ. ಗಣಿತ: ಯಾವ ಪತ್ರಿಕೆಗೆ ಮೊದಲು ಯಾವುದನ್ನು ಓದಿರಬೇಕು?

ಬಿ.ಎಸ್ಸಿ. ವಿದ್ಯಾರ್ಥಿನಿ, ಮುಧೋಳ

ಎಲ್ಲ ಗುರುಹಿರಿಯರಿಗೂ ನಮಸ್ಕಾರಗಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡಿದ್ದೆ. ಈಗ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ವಿಷಯಗಳೊಂದಿಗೆ ಬಿ.ಎಸ್ಸಿ. ಎರಡನೆಯ ಸೆಮಿಸ್ಟರಿನಲ್ಲಿದ್ದೇನೆ. ಮುಂದೆ ಗಣಿತದಲ್ಲಿಯೇ ಎಂ.ಎಸ್ಸಿ. ಮಾಡಬೇಕೆಂಬ ಆಸೆಯಿದೆ.

ನನ್ನ ಕೈಗೆ ಸಿಕ್ಕಿರುವ ಪಠ್ಯಕ್ರಮದ ಪ್ರತಿಯಲ್ಲಿ ಆರು ಸೆಮಿಸ್ಟರುಗಳ ಪತ್ರಿಕೆಗಳ ಹೆಸರುಗಳಿವೆ, ಆದರೆ ಯಾವ ಪತ್ರಿಕೆ ಯಾವುದರ ಮೇಲೆ ನಿಂತಿದೆ ಎಂಬುದನ್ನು ಎಲ್ಲಿಯೂ ಬರೆದಿಲ್ಲ. ಹಿರಿಯ ವಿದ್ಯಾರ್ಥಿಗಳನ್ನು ಕೇಳಿದರೆ, ರಿಯಲ್ ಅನಾಲಿಸಿಸ್ (ಕ್ಯಾಲ್ಕ್ಯುಲಸ್‌ನ ನಿಯಮಗಳನ್ನು ಕಟ್ಟುನಿಟ್ಟಾಗಿ ಸಾಧಿಸುವ ಪತ್ರಿಕೆ) ಯಾರಿಗೂ ತಿಳಿಯುವುದಿಲ್ಲ, ಪ್ರಮೇಯಗಳನ್ನು ಬಾಯಿಪಾಠ ಮಾಡಿಕೊಂಡರೆ ಪಾಸಾಗಬಹುದು ಎನ್ನುತ್ತಾರೆ. ಬಾಯಿಪಾಠ ಮಾಡಿ ಪಾಸಾಗುವುದು ನನಗೆ ಬೇಕಾಗಿಲ್ಲ. ಬೇಸಿಗೆ ರಜೆಯಲ್ಲಿ ಪಿಯುಸಿಯ ಯಾವ ಭಾಗಗಳನ್ನು ಮತ್ತೆ ಓದಬೇಕು, ಪದವಿಯ ಯಾವ ವಿಷಯವನ್ನು ಯಾವುದಕ್ಕಿಂತ ಮೊದಲು ಕಲಿತಿರಬೇಕು, ಕೊನೆಯ ವರ್ಷದಲ್ಲಿ ಬರುವ ಲೀನಿಯರ್ ಆಲ್ಜೀಬ್ರಾವನ್ನು (ಮಾತೃಕೆ, ವೆಕ್ಟರುಗಳ ಬೀಜಗಣಿತವನ್ನು) ಈಗಲೇ ಓದಬಹುದೇ ಎಂಬುದನ್ನು ದಯವಿಟ್ಟು ತಿಳಿಸಿರಿ.

ಗಣಿತ ಉಪನ್ಯಾಸಕ, ವಿಜಯಪುರ

ಎರಡನೆಯ ಸೆಮಿಸ್ಟರಿನಲ್ಲಿಯೇ ಈ ಪ್ರಶ್ನೆ ಕೇಳಿದ್ದೀರಿ, ಬಹಳ ಸಂತೋಷ. ಸಾಮಾನ್ಯವಾಗಿ ಇದು ಐದನೆಯ ಸೆಮಿಸ್ಟರಿನಲ್ಲಿ, ಕಾಲ ಮೀರಿದ ಮೇಲೆ ಬರುವ ಪ್ರಶ್ನೆ. ನಮ್ಮ ಕಡೆಯ ಪದವಿ ಕಾಲೇಜುಗಳಲ್ಲಿ ಮೊದಲ ಸೆಮಿಸ್ಟರಿನ ಪತ್ರಿಕೆಯನ್ನು ಬಾಕಿ ಉಳಿಸಿಕೊಂಡವರೂ ಮೂರನೆಯ ಸೆಮಿಸ್ಟರಿನ ತರಗತಿಯಲ್ಲಿ ಕೂಡುತ್ತಾರೆ, ಅವರನ್ನು ಯಾರೂ ತಡೆಯುವುದಿಲ್ಲ. ಹೀಗಾಗಿ ಪೂರ್ವಸಿದ್ಧತೆ ಎಂಬುದು ಕಚೇರಿಯ ನಿಯಮವಾಗಿ ವಿದ್ಯಾರ್ಥಿಗೆ ಎದುರಾಗುವುದಿಲ್ಲ. ಪುಸ್ತಕದ ಮೂರನೆಯ ಪುಟದಲ್ಲಿ, ಅರ್ಥವಾಗದ ಒಂದು ವಾಕ್ಯವಾಗಿ ಎದುರಾಗುತ್ತದೆ.

ಪಠ್ಯಕ್ರಮಗಳು ಇತ್ತೀಚೆಗೆ ಹಲವು ಸಲ ಬದಲಾಗಿವೆ. ರಾಜ್ಯದಲ್ಲಿ 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟು ಜಾರಿಯಲ್ಲಿದ್ದು, 2024–25ರಲ್ಲಿ ಸೇರಿದವರಿಂದ ಮತ್ತೆ ಮೂರು ವರ್ಷಗಳ, ಮೂರು ಪ್ರಧಾನ ವಿಷಯಗಳ ಪದವಿಗೆ ಮರಳಲಾಗಿದೆ. ನಮ್ಮಲ್ಲಿ ಕೆಲವು ಕಾಲೇಜುಗಳು ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ, ಕೆಲವು ಜಮಖಂಡಿಯಲ್ಲಿ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯಕ್ಕೆ, ಮಹಿಳಾ ಕಾಲೇಜುಗಳು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿರುವುದರಿಂದ, ಯಾವ ಪತ್ರಿಕೆ ಯಾವ ಸೆಮಿಸ್ಟರಿನಲ್ಲಿದೆ ಎಂಬುದನ್ನು ನಿಮ್ಮ ಕಾಲೇಜಿನ ಪಟ್ಟಿಯಲ್ಲಿಯೇ ನೋಡಿಕೊಳ್ಳಿರಿ. ವಿಷಯಗಳ ಒಳಸಂಬಂಧ ಮಾತ್ರ ಯಾವ ಆದೇಶದಿಂದಲೂ ಬದಲಾಗುವುದಿಲ್ಲ. ಅದನ್ನು ಹೇಳುತ್ತೇನೆ.

ಕ್ಯಾಲ್ಕ್ಯುಲಸ್‌ಗೆ ಬೇಕಾಗಿರುವುದು ಫಲನ (ಫಂಕ್ಷನ್) ಎಂದರೇನು ಎಂಬುದರ ಸ್ಪಷ್ಟ ಕಲ್ಪನೆ, ತ್ರಿಕೋನಮಿತಿಯ ಸೂತ್ರಗಳು ಮತ್ತು ಬೀಜಗಣಿತದ ಕೈಚಳಕ. ಅವಕಲ ಸಮೀಕರಣಗಳಿಗೆ (ಡಿಫರೆನ್ಷಿಯಲ್ ಈಕ್ವೇಷನ್) ಬೇಕಾಗಿರುವುದು ಅನುಕಲನ (ಇಂಟಿಗ್ರೇಷನ್). ಈ ಪತ್ರಿಕೆಯಲ್ಲಿ ಎಡವುವ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ನೋಡಿದರೆ, ಬಹುತೇಕರು ಸಮೀಕರಣದ ಬಗೆಯನ್ನು ಸರಿಯಾಗಿ ಗುರುತಿಸಿ, ವಿಧಾನವನ್ನೂ ಸರಿಯಾಗಿ ಹಚ್ಚಿ, ಕೊನೆಗೆ ಆಂಶಿಕ ಭಿನ್ನರಾಶಿಗಳನ್ನು ಬಿಡಿಸುವಲ್ಲಿ ನಿಂತುಹೋಗಿರುತ್ತಾರೆ. ಅಂಥವರು ತಿರುಗಿ ಓದಬೇಕಾಗಿರುವುದು ದ್ವಿತೀಯ ಪಿಯುಸಿಯ ಅನುಕಲನದ ಅಧ್ಯಾಯವನ್ನು. ಆಂಶಿಕ ಅವಕಲ ಸಮೀಕರಣಗಳಿಗೆ ಈ ಎರಡೂ ಬೇಕು. ಲಗ್ರಾಂಜನ ವಿಧಾನದಲ್ಲಿ ಬರುವ ಸಹಾಯಕ ಸಮೀಕರಣಗಳನ್ನು ಬಿಡಿಸುವುದೆಂದರೆ ಸಾಮಾನ್ಯ ಅವಕಲ ಸಮೀಕರಣಗಳನ್ನು ಬಿಡಿಸುವುದೇ ಆಗಿದೆ. ನ್ಯೂಮರಿಕಲ್ ಅನಾಲಿಸಿಸ್‌ಗೆ ಟೇಲರನ ಶ್ರೇಣಿ ಗೊತ್ತಿರಬೇಕು. ಅದು ಗೊತ್ತಿಲ್ಲದವರಿಗೆ ಆ ಪತ್ರಿಕೆ ಸೂತ್ರಗಳ ರಾಶಿಯಾಗಿ ಕಾಣುತ್ತದೆ.

ಲೀನಿಯರ್ ಆಲ್ಜೀಬ್ರಾದ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಅವಧಿಯ ಮಾದರಿ ಪಠ್ಯಕ್ರಮದಲ್ಲಿ ಮಾತೃಕೆಗಳು ಮೊದಲ ಸೆಮಿಸ್ಟರಿನಲ್ಲಿದ್ದವು, ಅವಕಲ ಸಮೀಕರಣಗಳು ಮೂರನೆಯದರಲ್ಲಿದ್ದವು, ಲೀನಿಯರ್ ಆಲ್ಜೀಬ್ರಾ ಆರನೆಯದರಲ್ಲಿತ್ತು. ಎರಡನೆಯ ದರ್ಜೆಯ ಸಮಘಾತೀಯ ರೇಖೀಯ ಸಮೀಕರಣದ ಉತ್ತರದಲ್ಲಿ ಎರಡೇ ಸ್ಥಿರಾಂಕಗಳು ಏಕೆ ಬರುತ್ತವೆ, ಮೂರು ಏಕೆ ಬರುವುದಿಲ್ಲ ಎಂದು ಮೂರನೆಯ ಸೆಮಿಸ್ಟರಿನ ವಿದ್ಯಾರ್ಥಿ ಕೇಳಿದರೆ, ಆ ಉತ್ತರಗಳೆಲ್ಲ ಸೇರಿ ಎರಡು ಆಯಾಮಗಳ ಒಂದು ವೆಕ್ಟರ್ ಸ್ಪೇಸ್ ಆಗುತ್ತವೆ ಎಂಬುದೇ ಸರಿಯಾದ ಉತ್ತರ. ಆಯಾಮ ಎಂದರೇನು ಎಂಬುದನ್ನೇ ಆ ವಿದ್ಯಾರ್ಥಿ ಇನ್ನೂ ಕಲಿತಿರುವುದಿಲ್ಲವಾದ್ದರಿಂದ, ಇದು ನಿಯಮ, ನೆನಪಿಟ್ಟುಕೊಳ್ಳಿ ಎಂದು ಹೇಳಿ ಮುಂದೆ ಸಾಗಬೇಕಾಗುತ್ತದೆ. ರಾನ್‌ಸ್ಕಿಯನ್ ಎಂಬ ನಿರ್ಧಾರಕ ಶೂನ್ಯವಾಗದಿದ್ದರೆ ಉತ್ತರಗಳು ಪರಸ್ಪರ ಸ್ವತಂತ್ರ ಎಂಬ ಮಾತೂ ಹೀಗೆಯೇ ಅರ್ಧ ಅರ್ಥವಾಗಿ ಉಳಿಯುತ್ತದೆ. ಆದ್ದರಿಂದ ಈ ರಜೆಯಲ್ಲಿ ಲೀನಿಯರ್ ಆಲ್ಜೀಬ್ರಾ ಓದಬಹುದೇ ಎಂಬ ನಿಮ್ಮ ಪ್ರಶ್ನೆಗೆ, ಅವಶ್ಯವಾಗಿ ಓದಿರಿ ಎಂಬುದೇ ನನ್ನ ಉತ್ತರ. ಅದಕ್ಕೆ ಕ್ಯಾಲ್ಕ್ಯುಲಸ್ ಬಹುಮಟ್ಟಿಗೆ ಬೇಕಾಗಿಯೇ ಇಲ್ಲ. ಏಕಕಾಲಿಕ ಸಮೀಕರಣಗಳನ್ನು ಮಾತೃಕೆಯ ಸಾಲುಗಳ ಮೂಲಕ ಬಿಡಿಸಲು ಬಂದರೆ ಆರಂಭಿಸಲು ಸಾಕು.

ಗ್ರೂಪ್ ಥಿಯರಿ ಮತ್ತು ರಿಯಲ್ ಅನಾಲಿಸಿಸ್ ಇವೆರಡರ ವಿಚಾರ ಬೇರೆ. ಇವುಗಳಿಗೆ ಬೇಕಾದ ವಿಷಯ ಬಹಳ ಕಡಿಮೆ. ಗ್ರೂಪ್ ಥಿಯರಿಗೆ ಪೂರ್ಣಾಂಕಗಳ ಭಾಗಾಕಾರ, ಶೇಷಗಳ ಗಣಿತ ಮತ್ತು ಕ್ರಮಯೋಜನೆಗಳು ಸಾಕು. ರಿಯಲ್ ಅನಾಲಿಸಿಸ್‌ಗೆ ಅಸಮತೆಗಳೊಂದಿಗೆ ಮತ್ತು ನಿರಪೇಕ್ಷ ಬೆಲೆಯೊಂದಿಗೆ ಧೈರ್ಯವಾಗಿ ವ್ಯವಹರಿಸಲು ಬರಬೇಕು. ಇಷ್ಟು ಕಡಿಮೆ ಸಾಮಗ್ರಿ ಬೇಡುವ ಇವೆರಡೇ ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಕಾಡುವುದಕ್ಕೆ ಕಾರಣವೆಂದರೆ, ಇವು ಪಠ್ಯಕ್ರಮದಲ್ಲಿ ಎಲ್ಲಿಯೂ ಅಚ್ಚಾಗದ ಒಂದು ಸಿದ್ಧತೆಯನ್ನು ಬೇಡುತ್ತವೆ. ಒಂದು ವ್ಯಾಖ್ಯೆಯನ್ನು ಪದಪದವಾಗಿ ಓದುವುದು, ಒಂದು ಹೇಳಿಕೆಯ ನಿಷೇಧವನ್ನು ಬರೆಯುವುದು, ಸಾಧನೆಯೊಂದನ್ನು ತಾನೇ ಕಟ್ಟುವುದು, ಇವು ಆ ಸಿದ್ಧತೆ. ಪಿಯುಸಿಯ ಎರಡು ವರ್ಷ ಉತ್ತರ ಕಂಡುಹಿಡಿಯುವುದನ್ನೇ ಗಣಿತವೆಂದು ತಿಳಿದ ವಿದ್ಯಾರ್ಥಿಗೆ, ಉತ್ತರ ಮೊದಲೇ ಗೊತ್ತಿರುವಾಗ ಇನ್ನೇನು ಬರೆಯಬೇಕು ಎಂಬುದೇ ತಿಳಿಯುವುದಿಲ್ಲ. ಇದನ್ನು ಮೊದಲ ಸೆಮಿಸ್ಟರಿನಲ್ಲಿ ಒಂದು ಪ್ರತ್ಯೇಕ ಪತ್ರಿಕೆಯಾಗಿ ಕಲಿಸಬೇಕು ಎಂಬುದು ನನ್ನ ಬಹುಕಾಲದ ನಿಲುವು.

ಎಂ.ಎಸ್ಸಿ. ಗಣಿತ ವಿದ್ಯಾರ್ಥಿ, ಬೆಳಗಾವಿ

ಉಪನ್ಯಾಸಕರ ಮಾತಿಗೆ ಒಂದು ಮುಖ್ಯ ಸಂಗತಿಯನ್ನು ಸೇರಿಸಬಯಸುತ್ತೇನೆ. ತಂಗಿ, ನೀವು ಪಿಯುಸಿಯಲ್ಲಿ ಓದಿದ್ದು ಎನ್‌ಸಿಇಆರ್‌ಟಿಯ ಪುಸ್ತಕ. 2022ರಲ್ಲಿ ಪಠ್ಯದ ಹೊರೆಯನ್ನು ಇಳಿಸುವಾಗ ಆ ಪುಸ್ತಕಗಳಿಂದ ಕೆಲವು ಭಾಗಗಳನ್ನು ತೆಗೆದುಹಾಕಲಾಯಿತು. ಹನ್ನೊಂದನೆಯ ತರಗತಿಯಿಂದ ಗಣಿತೀಯ ಅನುಗಮನ ತತ್ವದ (ಇಂಡಕ್ಷನ್) ಅಧ್ಯಾಯ ಮತ್ತು ಗಣಿತೀಯ ತರ್ಕದ ಅಧ್ಯಾಯ ಎರಡೂ ಹೋದವು. ಹನ್ನೆರಡನೆಯ ತರಗತಿಯಿಂದ ದ್ವಿಮಾನ ಕ್ರಿಯೆಗಳು (ಬೈನರಿ ಆಪರೇಷನ್), ನಿರ್ಧಾರಕಗಳ ಗುಣಗಳು, ರೋಲ್‌ನ ಪ್ರಮೇಯ ಮತ್ತು ಮಧ್ಯಮ ಮೌಲ್ಯ ಪ್ರಮೇಯ, ನಿಶ್ಚಿತ ಅನುಕಲವನ್ನು ಮೊತ್ತದ ಮಿತಿಯಾಗಿ ಕಾಣುವ ಭಾಗ ಹೋದವು.

ಈ ಪಟ್ಟಿಯನ್ನು ಪದವಿಯ ಪತ್ರಿಕೆಗಳ ಪಕ್ಕದಲ್ಲಿ ಇಟ್ಟು ನೋಡಿರಿ. ಗ್ರೂಪ್ ಥಿಯರಿಯ ಮೊದಲ ವ್ಯಾಖ್ಯೆ ದ್ವಿಮಾನ ಕ್ರಿಯೆಯಿಂದಲೇ ಆರಂಭವಾಗುತ್ತದೆ. ಪದವಿಯ ಕ್ಯಾಲ್ಕ್ಯುಲಸ್‌ನ ಒಂದು ದೊಡ್ಡ ಭಾಗ ರೋಲ್‌ನ ಪ್ರಮೇಯದಿಂದ ಹೊರಟು ಟೇಲರನ ಪ್ರಮೇಯದವರೆಗೆ ಹೋಗುತ್ತದೆ. ರೀಮನ್ ಅನುಕಲ ಎಂದರೆ ಮೊತ್ತದ ಮಿತಿಯ ವಿಚಾರವನ್ನೇ ಪೂರ್ತಿ ಕಟ್ಟುನಿಟ್ಟಾಗಿ ಹೇಳುವುದು. ಅನುಗಮನ ತತ್ವವಂತೂ ಪ್ರತಿ ಪತ್ರಿಕೆಯಲ್ಲಿಯೂ ಬೇಕು. ಪಿಯುಸಿಯಲ್ಲಿ ಓದಿರುತ್ತೀರಿ ಎಂದು ಪದವಿಯ ಪುಸ್ತಕ ಹೇಳುವ ಜಾಗದಲ್ಲಿ, ನೀವು ಅದನ್ನು ಓದಿರುವುದಿಲ್ಲ. ತರಗತಿಯಲ್ಲಿ ತಿಳಿಯದೇ ಹೋದಾಗ ತನಗೇ ಬುದ್ಧಿ ಸಾಲದು ಎಂದು ಎಷ್ಟೋ ಮಂದಿ ತಿಳಿದುಕೊಂಡು ಕುಗ್ಗುತ್ತಾರೆ. ಹಾಗೆ ಕುಗ್ಗುವುದು ನನಗೆ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ, ಏಕೆಂದರೆ ಎಷ್ಟೋ ಸಲ ಕೊರತೆ ಇರುವುದು ಪುಸ್ತಕದಲ್ಲಿ. ಹಳೆಯ ಮುದ್ರಣದ ಪುಸ್ತಕ ಹಿರಿಯರ ಮನೆಯಲ್ಲಿಯೋ ಕಾಲೇಜಿನ ಗ್ರಂಥಾಲಯದಲ್ಲಿಯೋ ಸಿಗುತ್ತದೆ. ರಜೆಯಲ್ಲಿ ಅದರಿಂದ ಈ ಭಾಗಗಳನ್ನಷ್ಟೇ ಓದಿಕೊಳ್ಳಿರಿ.

ಪಿಯು ಉಪನ್ಯಾಸಕಿ, ಇಳಕಲ್

ಮೇಲಿನ ಪಟ್ಟಿ ಸರಿಯಾಗಿದೆ. ನಾನೂ ತರಗತಿಯಲ್ಲಿ ಅನುಗಮನ ತತ್ವವನ್ನು ಹೇಳಿಕೊಡಲು ಸಮಯ ಹುಡುಕುತ್ತೇನೆ, ಆದರೆ ಸಿಇಟಿಯ ತಯಾರಿಯಲ್ಲಿರುವ ಮಕ್ಕಳು ಪರೀಕ್ಷೆಗೆ ಬಾರದ ವಿಷಯವನ್ನು ಕೇಳುವ ತಾಳ್ಮೆ ಉಳಿಸಿಕೊಂಡಿರುವುದಿಲ್ಲ.

ವಿಜಯಪುರದ ಸರ್ ಅವರಲ್ಲಿ ಒಂದು ವಿಚಾರಕ್ಕೆ ನನ್ನ ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಪೂರ್ವಸಿದ್ಧತೆಯ ಮಾತು ಹೆಚ್ಚಾದಂತೆ, ಅದು ಸಿದ್ಧತೆ ಇಲ್ಲದವರನ್ನು ಹೊರಗಿಡುವ ನಿಯಮವಾಗಿ ಮಾರ್ಪಡುವ ಭಯ ನನಗಿದೆ. ಬಾದಾಮಿ, ಹುನಗುಂದ, ಬೀಳಗಿ ಕಡೆಯ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಿಗೆ ಬಿ.ಎಸ್ಸಿ.ಗೆ ಸೇರುವುದೇ ಒಂದು ಹೋರಾಟವಾಗಿರುವಾಗ, ಈ ಪತ್ರಿಕೆಗೆ ನೀವು ಅರ್ಹರಲ್ಲ ಎಂದು ಬಾಗಿಲಲ್ಲಿ ನಿಲ್ಲಿಸಿದರೆ ಅವರು ಮನೆಗೆ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ನಮ್ಮೂರಿನ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಪಿಯುಸಿಗೂ ಪದವಿಗೂ ನಡುವೆ ಅಂಥ ಜೋಡಣೆಯ ಕೆಲಸ ಕಾಲೇಜಿನದೇ ಆಗಿರಬೇಕು, ವಿದ್ಯಾರ್ಥಿಯ ಮೇಲೆ ಹೊರಿಸಬಾರದು.

ಗಣಿತ ಉಪನ್ಯಾಸಕ, ವಿಜಯಪುರ

ಮೇಡಂ, ನಿಮ್ಮ ಆತಂಕವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಯಾರನ್ನೂ ತಡೆಯುವ ನಿಯಮ ಬರಲಿ ಎಂದು ನಾನು ಬಯಸುವುದಿಲ್ಲ. ಆದರೆ ಯಾವುದು ಬೇಕು ಎಂಬುದನ್ನು ಬರೆದೇ ಇಡದಿದ್ದರೆ ಹೆಚ್ಚು ನಷ್ಟವಾಗುವುದು ಆ ಹೆಣ್ಣುಮಕ್ಕಳಿಗೇ ಎಂಬುದನ್ನೂ ಗಮನಿಸಬೇಕು. ಮನೆಯಲ್ಲಿ ಓದಿದವರು ಇರುವ, ಟ್ಯೂಷನ್‌ಗೆ ಹೋಗುವ ವಿದ್ಯಾರ್ಥಿ ಬರೆಯದೇ ಬಿಟ್ಟಿದ್ದನ್ನು ಇನ್ನೊಬ್ಬರಿಂದ ಕೇಳಿ ತಿಳಿದುಕೊಳ್ಳುತ್ತಾನೆ. ಕೇಳಲು ಯಾರೂ ಇಲ್ಲದವರಿಗೆ ಅಚ್ಚಾದ ಒಂದು ಸಾಲೇ ಆಧಾರ. ಪ್ರತಿ ಪತ್ರಿಕೆಯ ಮೇಲೆ, ಇದಕ್ಕೆ ಮೊದಲು ಇಂತಿಂಥ ಅಧ್ಯಾಯಗಳನ್ನು ನೋಡಿಕೊಳ್ಳಿರಿ ಎಂದು ನಾಲ್ಕು ಸಾಲು ಬರೆಯುವುದಕ್ಕೆ ಯಾವ ಖರ್ಚೂ ಇಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ನಾನು ಬಿ.ಎಸ್ಸಿ. ಓದಿದವನಲ್ಲ, ಆದರೂ ಕಾಲೇಜಿನದೇ ಆದ ಜೋಡಣೆ ಹೇಗಿರಬಹುದು ಎಂಬುದಕ್ಕೆ ನಮ್ಮೂರಿನಲ್ಲಿಯೇ ಒಂದು ಉದಾಹರಣೆ ಇದೆ ಎಂದು ತಿಳಿಸಬಯಸುತ್ತೇನೆ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರು ಮೊದಲ ವರ್ಷದ ಎಂಜಿನಿಯರಿಂಗ್ ಗಣಿತವನ್ನು ಓದಿರುವುದಿಲ್ಲ. ಅಂಥವರಿಗಾಗಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮಗಳಲ್ಲಿ ಮೂರು ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೆಚ್ಚುವರಿ ಗಣಿತ ಎಂಬ ಎರಡು ಕಡ್ಡಾಯ ಪತ್ರಿಕೆಗಳನ್ನು ಇಟ್ಟಿದ್ದರು. ಡಿಪ್ಲೊಮಾದಿಂದ ಬಂದ ನನ್ನ ಅಣ್ಣ ಆ ಪತ್ರಿಕೆಗಳನ್ನು ಓದುತ್ತಲೇ ಉಳಿದವರೊಂದಿಗೆ ಮುಖ್ಯ ಗಣಿತವನ್ನೂ ಓದಿ ಮುಗಿಸಿದರು. ಯಾರನ್ನೂ ತಡೆಯದೆ, ಇಲ್ಲದಿರುವುದನ್ನು ಒದಗಿಸುವ ಕ್ರಮ ಇದು. ಕಾಮರ್ಸ್ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸ್ ಓದಿ ಗಣಿತದ ಪದವಿಯತ್ತ ಬರಲು ಬಯಸುವವರಿಗೂ ಇಂಥದೊಂದು ವ್ಯವಸ್ಥೆ ಏಕೆ ಇರಬಾರದು?

ಪ್ರೌಢಶಾಲಾ ಶಿಕ್ಷಕಿ, ಗೋಕಾಕ

ಸಾಧನೆ ಬರೆಯುವುದು ಪದವಿಯಲ್ಲಿ ಹೊಸದಾಗಿ ಬರುವ ವಿದ್ಯೆ ಎಂಬಂತೆ ಇಲ್ಲಿ ಮಾತು ನಡೆದಿದೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಹತ್ತನೆಯ ತರಗತಿಯಲ್ಲಿಯೇ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ತಲೆಬರಹ ಹಾಕಿ ಥೇಲ್ಸ್‌ನ ಪ್ರಮೇಯವನ್ನು ಬರೆಯುತ್ತಾರೆ. ಎರಡರ ವರ್ಗಮೂಲ ಅಭಾಗಲಬ್ಧ ಸಂಖ್ಯೆ ಎಂಬುದನ್ನು, ಅದು ಭಾಗಲಬ್ಧವೆಂದು ಭಾವಿಸಿಕೊಂಡು ವಿರೋಧಾಭಾಸಕ್ಕೆ ತಲುಪಿಸಿ ಸಾಧಿಸುತ್ತಾರೆ. ಪದವಿಯ ರಿಯಲ್ ಅನಾಲಿಸಿಸ್‌ನಲ್ಲಿ ಇದಕ್ಕಿಂತ ಬೇರೆ ಜಾತಿಯ ತರ್ಕ ಯಾವುದಿದೆ? ಪಿಯುಸಿಯ ಎರಡು ವರ್ಷಗಳಲ್ಲಿ ಈ ಅಭ್ಯಾಸ ತಪ್ಪಿಹೋಗುತ್ತದೆ, ಆಮೇಲೆ ಇಂಗ್ಲಿಷಿನಲ್ಲಿ ಅದು ಎದುರಾದಾಗ ತಮಗೆ ಗೊತ್ತಿರುವುದೇ ಇದು ಎಂದು ಗುರುತಿಸಲು ಆಗುವುದಿಲ್ಲ.

ಮುಧೋಳದ ವಿದ್ಯಾರ್ಥಿನಿಗೆ ನನ್ನ ಸಲಹೆ ಇಷ್ಟೇ. ಪದವಿಯ ಪ್ರತಿ ಪ್ರಮೇಯವನ್ನೂ ಮೊದಲು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ದತ್ತವೇನು, ಸಾಧನೀಯವೇನು ಎಂದು ಕನ್ನಡದಲ್ಲಿ ಬೇರ್ಪಡಿಸಿ ಬರೆಯಿರಿ. ದತ್ತದಲ್ಲಿರುವ ಪ್ರತಿಯೊಂದು ಮಾತೂ ಸಾಧನೆಯಲ್ಲಿ ಎಲ್ಲಿ ಬಳಕೆಯಾಯಿತು ಎಂದು ಗುರುತು ಹಾಕಿರಿ. ಬಳಕೆಯಾಗದ ಮಾತು ಉಳಿದಿದ್ದರೆ ಸಾಧನೆ ನಿಮಗೆ ಇನ್ನೂ ಅರ್ಥವಾಗಿಲ್ಲ ಎಂದು ತಿಳಿಯಿರಿ.

ನಿವೃತ್ತ ಗಣಿತ ಪ್ರಾಧ್ಯಾಪಕ, ಬಾಗಲಕೋಟೆ

ಯಾವುದನ್ನು ಓದಿದ ಮೇಲೆ ಯಾವುದನ್ನು ಓದಬೇಕು ಎಂಬ ಚಿಂತೆ ನಮ್ಮ ನಾಡಿಗೆ ಹೊಸದಲ್ಲ. ಭಾಸ್ಕರಾಚಾರ್ಯ 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ರಚಿಸಿದಾಗ, ಮೊದಲು ಅಂಕಗಣಿತದ ಲೀಲಾವತಿ, ಅನಂತರ ಬೀಜಗಣಿತ, ಅವುಗಳ ನಂತರ ಗ್ರಹಗಣಿತ ಮತ್ತು ಗೋಲಾಧ್ಯಾಯ ಎಂಬ ಕ್ರಮವನ್ನು ಇಟ್ಟುಕೊಂಡ. ವ್ಯಕ್ತ (ಅಂಕಗಣಿತ), ಅವ್ಯಕ್ತ (ಬೀಜಗಣಿತ) ಎಂಬ ಎರಡೂ ಬಗೆಯ ಗಣಿತವನ್ನು ಬಲ್ಲವನೂ ವ್ಯಾಕರಣದಲ್ಲಿ ನಿಪುಣನೂ ಆದವನೇ ಜ್ಯೋತಿಷಶಾಸ್ತ್ರವನ್ನು ಓದಲು ಅಧಿಕಾರಿ, ಉಳಿದವನು ಹೆಸರಿಗೆ ಮಾತ್ರ ಜ್ಯೋತಿಷಿ ಎಂದು ಗೋಲಾಧ್ಯಾಯದಲ್ಲಿ ಆತನೇ ಸ್ಪಷ್ಟವಾಗಿ ಹೇಳುತ್ತಾನೆ. ಆತ ಹೇಳುವ ವಿಜ್ಜಡವಿಡ ಎಂಬ ಊರು ನಮ್ಮ ವಿಜಯಪುರವೇ ಎಂದು ಕೆಲವರು ಗುರುತಿಸಿದ್ದಾರೆ. ಸಹ್ಯಾದ್ರಿಯ ಆಶ್ರಯದಲ್ಲಿರುವ ಊರೆಂದು ಆತ ಬರೆದಿರುವುದರಿಂದ ಇದನ್ನು ಒಪ್ಪದವರೂ ಇದ್ದಾರೆ. ಆ ವಿವಾದ ಇಲ್ಲಿ ಬೇಡ. ಗಣಿತದ ಜೊತೆಗೆ ವ್ಯಾಕರಣವನ್ನೂ ಆತ ಪೂರ್ವಸಿದ್ಧತೆಯಲ್ಲಿ ಸೇರಿಸಿರುವುದನ್ನು ಗಮನಿಸಬೇಕು. ವಾಕ್ಯವನ್ನು ಸರಿಯಾಗಿ ಓದಲು ಬಾರದವನಿಗೆ ಲೆಕ್ಕ ಬಂದರೂ ಶಾಸ್ತ್ರ ದಕ್ಕುವುದಿಲ್ಲ ಎಂಬ ಆ ತಿಳಿವಳಿಕೆ, ವಿಜಯಪುರದ ಉಪನ್ಯಾಸಕರು ಹೇಳಿದ ಅಚ್ಚಾಗದ ಸಿದ್ಧತೆಗೆ ಬಹಳ ಹತ್ತಿರದ್ದು.

ಇನ್ನೊಂದು ಮಾತು. ತರ್ಕದ ಕ್ರಮವೇ ಕಲಿಕೆಯ ಕ್ರಮವಾಗಬೇಕೆಂಬ ನಿಯಮವಿಲ್ಲ. ತರ್ಕದ ಪ್ರಕಾರ ರಿಯಲ್ ಅನಾಲಿಸಿಸ್ ಮೊದಲು, ಕ್ಯಾಲ್ಕ್ಯುಲಸ್ ಆಮೇಲೆ ಬರಬೇಕು, ಏಕೆಂದರೆ ಕ್ಯಾಲ್ಕ್ಯುಲಸ್‌ನ ಪ್ರತಿ ನಿಯಮಕ್ಕೂ ಆಧಾರ ಅಲ್ಲಿದೆ. ಚರಿತ್ರೆ ಹಾಗೆ ನಡೆಯಲಿಲ್ಲ. ನ್ಯೂಟನ್ ಮತ್ತು ಲೈಬ್ನಿಟ್ಸ್ ಹದಿನೇಳನೆಯ ಶತಮಾನದಲ್ಲಿಯೇ ಕ್ಯಾಲ್ಕ್ಯುಲಸ್ ಕಟ್ಟಿದರು. ಮಿತಿಯ ಕಟ್ಟುನಿಟ್ಟಾದ ವಿವರಣೆಗೆ ಕೋಶಿಯ 1821ರ ಗ್ರಂಥದವರೆಗೆ, ಅಲ್ಲಿಂದ ಮುಂದೆ ವೈಯರ್‌ಸ್ಟ್ರಾಸ್‌ನವರೆಗೆ ಕಾಯಬೇಕಾಯಿತು. ಆ 1821ರ ಗ್ರಂಥದಲ್ಲಿ ಕೋಶಿ, ಅವಿಚ್ಛಿನ್ನ (ಕಂಟಿನ್ಯುಯಸ್) ಫಲನಗಳ ಶ್ರೇಣಿಯ ಮೊತ್ತವೂ ಅವಿಚ್ಛಿನ್ನವೇ ಆಗಿರುತ್ತದೆ ಎಂದು ಬರೆದ. 1826ರಲ್ಲಿ ಆಬೆಲ್, ಸೈನ್ ಫಲನಗಳಿಂದ ಕಟ್ಟಿದ ಒಂದು ಶ್ರೇಣಿಯನ್ನು ತೋರಿಸಿ, ಈ ಪ್ರಮೇಯಕ್ಕೆ ಅಪವಾದಗಳಿವೆ ಎಂದ. ಪ್ರತಿ ಬಿಂದುವಿನಲ್ಲಿಯೂ ಬೇರೆಬೇರೆಯಾಗಿ ಅಭಿಸರಿಸುವುದಕ್ಕೂ ಎಲ್ಲ ಬಿಂದುಗಳಲ್ಲಿಯೂ ಏಕಪ್ರಕಾರವಾಗಿ (ಯುನಿಫಾರ್ಮ್ ಆಗಿ) ಅಭಿಸರಿಸುವುದಕ್ಕೂ ಇರುವ ವ್ಯತ್ಯಾಸ ಆಗ ಇನ್ನೂ ಸ್ಪಷ್ಟವಾಗಿರಲಿಲ್ಲ. ಇಂದಿನ ಬಿ.ಎಸ್ಸಿ. ವಿದ್ಯಾರ್ಥಿ ಯುನಿಫಾರ್ಮ್ ಎಂಬ ಪದ ಬಂದಲ್ಲಿ ನಿಂತುಹೋಗುತ್ತಾನೆಂದರೆ, ಕೋಶಿಯಂಥ ಗಣಿತಜ್ಞನೇ ಎಡವಿದ ಜಾಗ ಅದು. ಅಲ್ಲಿ ಹೆಚ್ಚು ದಿನ ನಿಲ್ಲುವುದರಲ್ಲಿ ಯಾವ ಅವಮಾನವೂ ಇಲ್ಲ, ಅಧ್ಯಾಪಕರೂ ಅಲ್ಲಿ ಅವಸರ ಮಾಡಬಾರದು.

ಬಿ.ಎಸ್ಸಿ. ವಿದ್ಯಾರ್ಥಿನಿ, ಮುಧೋಳ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ದತ್ತ ಮತ್ತು ಸಾಧನೀಯಗಳನ್ನು ಬೇರ್ಪಡಿಸುವ ಸಲಹೆಯನ್ನು ಅನುಸರಿಸಿ ರಿಯಲ್ ಅನಾಲಿಸಿಸ್‌ನ ಒಂದು ಪುಸ್ತಕವನ್ನು ತೆರೆದು ನೋಡಿದೆ. ಅವಿಚ್ಛಿನ್ನತೆ ಮತ್ತು ಯುನಿಫಾರ್ಮ್ ಅವಿಚ್ಛಿನ್ನತೆ ಇವೆರಡರ ವ್ಯಾಖ್ಯೆಗಳಲ್ಲಿಯೂ ಅದೇ ಎಪ್ಸಿಲಾನ್, ಅದೇ ಡೆಲ್ಟಾ, ಅವೇ ಅಸಮತೆಗಳು ಕಾಣುತ್ತವೆ. ಪದಗಳ ಜಾಗ ಮಾತ್ರ ಸ್ವಲ್ಪ ಬದಲಾಗಿದೆ. ಇಷ್ಟರಿಂದ ಅಷ್ಟು ದೊಡ್ಡ ವ್ಯತ್ಯಾಸ ಹೇಗೆ ಆಗುತ್ತದೆ ಎಂಬುದನ್ನು ಯಾರಾದರೂ ಒಂದು ಉದಾಹರಣೆಯಿಂದ ತಿಳಿಸುವಿರಾ?

ಗಣಿತ ಉಪನ್ಯಾಸಕ, ವಿಜಯಪುರ

ನೀವು ಗಮನಿಸಿರುವುದು ಸರಿಯಾಗಿದೆ. ಇಡೀ ವಿಷಯ ಪದಗಳ ಜಾಗದಲ್ಲಿಯೇ ಇದೆ. ಅವಿಚ್ಛಿನ್ನತೆಯಲ್ಲಿ ಬಿಂದುವನ್ನು ಮೊದಲು ಆರಿಸಿ, ಎಪ್ಸಿಲಾನ್ (ಫಲನದ ಬೆಲೆಗಳಲ್ಲಿ ಒಪ್ಪುವ ಅಂತರ) ಕೊಟ್ಟ ಮೇಲೆ ಡೆಲ್ಟಾವನ್ನು (ಬಿಂದುಗಳ ನಡುವಿನ ದೂರದ ಮಿತಿಯನ್ನು) ಹುಡುಕುತ್ತೇವೆ. ಆದ್ದರಿಂದ ಡೆಲ್ಟಾ ಆ ಬಿಂದುವನ್ನು ಅವಲಂಬಿಸಬಹುದು. ಯುನಿಫಾರ್ಮ್ ಅವಿಚ್ಛಿನ್ನತೆಯಲ್ಲಿ ಎಪ್ಸಿಲಾನ್ ಕೊಟ್ಟ ಕೂಡಲೇ ಡೆಲ್ಟಾವನ್ನು ನಿಶ್ಚಯಿಸಬೇಕು, ಅದು ಆಮೇಲೆ ಬರುವ ಎಲ್ಲ ಬಿಂದುಗಳಿಗೂ ಹೊಂದಬೇಕು.

ಎಕ್ಸ್ ವರ್ಗ ಎಂಬ ಫಲನವನ್ನೇ ತೆಗೆದುಕೊಳ್ಳಿರಿ. ಸೊನ್ನೆಯಿಂದ ಒಂದರವರೆಗಿನ ಅಂತರಾಳದಲ್ಲಿ ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸವೆಂದರೆ ಅವುಗಳ ಮೊತ್ತವನ್ನು ಅವುಗಳ ವ್ಯತ್ಯಾಸದಿಂದ ಗುಣಿಸಿದ್ದು. ಮೊತ್ತ ಎರಡನ್ನು ಮೀರುವುದಿಲ್ಲ. ಹಾಗಾಗಿ ಡೆಲ್ಟಾ ಎಂದು ಎಪ್ಸಿಲಾನ್‌ನ ಅರ್ಧವನ್ನು ಆರಿಸಿಕೊಂಡರೆ ಅಂತರಾಳದ ಎಲ್ಲ ಬಿಂದುಗಳಿಗೂ ಅದೊಂದೇ ಸಾಕಾಗುತ್ತದೆ. ಈಗ ಅದೇ ಫಲನವನ್ನು ಇಡೀ ಸಂಖ್ಯಾರೇಖೆಯ ಮೇಲೆ ನೋಡಿರಿ. ನೂರರ ಹತ್ತಿರ ಎಕ್ಸ್ ಅನ್ನು ಒಂದು ನೂರಾಂಶದಷ್ಟು ಸರಿಸಿದರೆ ವರ್ಗ ಸುಮಾರು ಎರಡರಷ್ಟು ಬದಲಾಗುತ್ತದೆ. ಹತ್ತು ಸಾವಿರದ ಹತ್ತಿರ ಅಷ್ಟೇ ಸರಿಸಿದರೆ ಸುಮಾರು ಇನ್ನೂರರಷ್ಟು ಬದಲಾಗುತ್ತದೆ. ಯಾವ ಡೆಲ್ಟಾವನ್ನು ನಿಶ್ಚಯಿಸಿದರೂ ಸಾಕಷ್ಟು ದೂರ ಹೋದರೆ ಅದು ಸೋಲುತ್ತದೆ. ಫಲನ ಪ್ರತಿ ಬಿಂದುವಿನಲ್ಲಿ ಅವಿಚ್ಛಿನ್ನವೇ ಆಗಿದೆ, ಆದರೆ ಯುನಿಫಾರ್ಮ್ ಆಗಿ ಅಲ್ಲ. ಮುಚ್ಚಿದ, ಸೀಮಿತ ಅಂತರಾಳದಲ್ಲಿ ಇಂಥ ಸೋಲು ಎಂದಿಗೂ ಆಗುವುದಿಲ್ಲ ಎಂಬ ಪ್ರಮೇಯವನ್ನು ಹೈನೆ 1872ರಲ್ಲಿ ಪ್ರಕಟಿಸಿದ.

ಈಗ ಒಂದು ಕೆಲಸ ಮಾಡಿರಿ. ಯುನಿಫಾರ್ಮ್ ಅವಿಚ್ಛಿನ್ನತೆಯ ವ್ಯಾಖ್ಯೆಯ ನಿಷೇಧವನ್ನು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಬರೆದು ಇಲ್ಲಿ ಹಾಕಿರಿ. ಅದನ್ನು ತಪ್ಪಿಲ್ಲದೆ ಬರೆಯಲು ಬಂದರೆ ರಿಯಲ್ ಅನಾಲಿಸಿಸ್‌ಗೆ ಬೇಕಾದ ಸಿದ್ಧತೆಯ ಮುಖ್ಯ ಭಾಗ ನಿಮಗೆ ಬಂದಿದೆ ಎಂದೇ ನಾನು ತಿಳಿಯುತ್ತೇನೆ.

ಬಿ.ಎಸ್ಸಿ. ವಿದ್ಯಾರ್ಥಿನಿ, ಮುಧೋಳ

ಸರ್, ಹೀಗೆ ಬರೆದಿದ್ದೇನೆ: ಯಾವುದೋ ಒಂದು ಧನ ಎಪ್ಸಿಲಾನ್ ಇದೆ, ಎಷ್ಟೇ ಚಿಕ್ಕ ಧನ ಡೆಲ್ಟಾವನ್ನು ಆರಿಸಿದರೂ, ಪರಸ್ಪರ ಡೆಲ್ಟಾಕ್ಕಿಂತ ಕಡಿಮೆ ದೂರದಲ್ಲಿರುವ ಎರಡು ಬಿಂದುಗಳು ಸಿಗುತ್ತವೆ, ಅವುಗಳಲ್ಲಿ ಫಲನದ ಬೆಲೆಗಳ ಅಂತರ ಆ ಎಪ್ಸಿಲಾನ್‌ಗಿಂತ ಕಡಿಮೆ ಇರುವುದಿಲ್ಲ.

ಗಣಿತ ಉಪನ್ಯಾಸಕ, ವಿಜಯಪುರ

ಸಂಪೂರ್ಣವಾಗಿ ಸರಿಯಾಗಿದೆ. ಎಪ್ಸಿಲಾನ್ ಮೊದಲೇ ನಿಶ್ಚಯವಾಗಿ, ಬಿಂದುಗಳು ಡೆಲ್ಟಾದ ನಂತರ ಬಂದಿವೆ. ಅನೇಕರು ಇಲ್ಲಿಯೇ ತಪ್ಪುತ್ತಾರೆ.

ಎಂ.ಎಸ್ಸಿ. ಗಣಿತ ವಿದ್ಯಾರ್ಥಿ, ಬೆಳಗಾವಿ

ತಂಗಿ, ಎಂ.ಎಸ್ಸಿ.ಯ ಆಸೆ ಇದೆ ಎಂದು ಬರೆದಿದ್ದೀರಿ. ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕೆ ನಡೆಯುವ ಜಾಮ್ ಪರೀಕ್ಷೆಯ ಗಣಿತ ಪತ್ರಿಕೆಯಲ್ಲಿ ರಿಯಲ್ ಅನಾಲಿಸಿಸ್, ಬ‌ಹುಚರ ಕ್ಯಾಲ್ಕ್ಯುಲಸ್, ಅವಕಲ ಸಮೀಕರಣಗಳು, ಲೀನಿಯರ್ ಆಲ್ಜೀಬ್ರಾ ಮತ್ತು ಗ್ರೂಪ್ ಥಿಯರಿ ಇರುತ್ತವೆ. ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುವುದರಿಂದ, ಕೊನೆಯ ಸೆಮಿಸ್ಟರಿನಲ್ಲಿ ಕಲಿಸುವ ಪತ್ರಿಕೆ ಅದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಲೀನಿಯರ್ ಆಲ್ಜೀಬ್ರಾ ನಿಮ್ಮಲ್ಲಿಯೂ ಕೊನೆಯ ಸೆಮಿಸ್ಟರಿನಲ್ಲಿಯೇ ಇರುವುದಾದರೆ ಅದನ್ನು ಮೊದಲೇ ಓದಲು ಇದು ಇನ್ನೊಂದು ಕಾರಣ. ಐಐಟಿಗಳ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್‌ನ ಉಪನ್ಯಾಸಗಳು ಉಚಿತವಾಗಿ ಸಿಗುತ್ತವೆ. ಪ್ರೊ. ಎಸ್. ಕುಮರೇಶನ್ ಅವರು 1993ರಲ್ಲಿ ಆರಂಭಿಸಿದ ಎಂಟಿಟಿಎಸ್ (ಗಣಿತ ತರಬೇತಿ ಮತ್ತು ಪ್ರತಿಭಾ ಶೋಧ) ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಿರಿ. ಅಲ್ಲಿ ಅಧ್ಯಾಪಕರು ಉತ್ತರವನ್ನು ಹೇಳಿಕೊಡುವುದಕ್ಕಿಂತ ಪ್ರಶ್ನೆಗಳನ್ನು ಕೇಳಿ ವಿದ್ಯಾರ್ಥಿಗಳಿಂದಲೇ ಸಾಧನೆಯನ್ನು ಹೊರಡಿಸುತ್ತಾರೆ. ಇಲ್ಲಿ ಚರ್ಚೆಯಾದ ಸಿದ್ಧತೆಗೆ ಅದಕ್ಕಿಂತ ಉತ್ತಮವಾದ ಜಾಗ ನನಗೆ ಗೊತ್ತಿಲ್ಲ.

ಬಿ.ಎಸ್ಸಿ. ವಿದ್ಯಾರ್ಥಿನಿ, ಮುಧೋಳ

ಖಂಡಿತ ಅರ್ಜಿ ಹಾಕುತ್ತೇನೆ, ಅಣ್ಣ. ಕೊನೆಯದಾಗಿ ಒಂದು ಸಂದೇಹ. ಕಾಂಪ್ಲೆಕ್ಸ್ ಅನಾಲಿಸಿಸ್ ಮತ್ತು ವೆಕ್ಟರ್ ಕ್ಯಾಲ್ಕ್ಯುಲಸ್ ನಮ್ಮ ಪಟ್ಟಿಯಲ್ಲಿ ಒಂದೇ ಸೆಮಿಸ್ಟರಿನಲ್ಲಿವೆ. ಇವುಗಳಲ್ಲಿ ಯಾವುದನ್ನು ಮೊದಲು ಓದಿಕೊಂಡರೆ ಅನುಕೂಲ?

ನಿವೃತ್ತ ಗಣಿತ ಪ್ರಾಧ್ಯಾಪಕ, ಬಾಗಲಕೋಟೆ

ವೆಕ್ಟರ್ ಕ್ಯಾಲ್ಕ್ಯುಲಸ್‌ನ ಎಲ್ಲವೂ ಮೊದಲು ಬೇಕಾಗಿಲ್ಲ. ರೇಖಾ ಅನುಕಲ ಮತ್ತು ಗ್ರೀನ್‌ನ ಪ್ರಮೇಯ ಇವೆರಡನ್ನು ಮೊದಲು ಓದಿಕೊಳ್ಳಬೇಕು. ಕೋಶಿ–ರೀಮನ್ ಸಮೀಕರಣಗಳಿಗೆ ಆಂಶಿಕ ಅವಕಲನ ಸಾಕು, ಅದು ನಿಮಗೆ ಆ ವೇಳೆಗೆ ಬಂದಿರುತ್ತದೆ. ಝಡ್‌ನ ಮಾಡ್ಯುಲಸ್‌ನ ವರ್ಗ ಎಂಬ ಫಲನ ಆ ಸಮೀಕರಣಗಳಿಗೆ ಮೂಲಬಿಂದುವಿನಲ್ಲಿ ಮಾತ್ರ ಹೊಂದುತ್ತದೆ, ಬೇರೆಲ್ಲಿಯೂ ಹೊಂದುವುದಿಲ್ಲ ಎಂಬುದನ್ನು ಈಗಲೇ ಕೂತು ಮಾಡಿ ನೋಡಬಹುದು. ಕೋಶಿಯ ಅನುಕಲ ಪ್ರಮೇಯಕ್ಕೆ ಬಂದಾಗ ಗ್ರೀನ್‌ನ ಪ್ರಮೇಯ ಗೊತ್ತಿದ್ದವರಿಗೆ, ಫಲನದ ನಿಷ್ಪನ್ನ (ಡೆರಿವೇಟಿವ್) ಅವಿಚ್ಛಿನ್ನವಾಗಿದೆ ಎಂದು ಒಪ್ಪಿಕೊಂಡರೆ, ಸಾಧನೆ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಆ ಒಪ್ಪಿಗೆಯೂ ಬೇಕಾಗಿಲ್ಲ ಎಂದು ಗೂರ್ಸಾ 1900ರಲ್ಲಿ ತೋರಿಸಿದ. ಮೊದಲ ಓದಿನಲ್ಲಿ ಗ್ರೀನ್‌ನ ದಾರಿಯನ್ನು ಹಿಡಿದು, ಗೂರ್ಸಾನ ಸಾಧನೆಯನ್ನು ಎರಡನೆಯ ಓದಿಗೆ ಇಟ್ಟುಕೊಳ್ಳಿರಿ. ಸೆಮಿಸ್ಟರ್ ಆರಂಭವಾದ ಕೂಡಲೇ, ತರಗತಿಯ ಪಾಠ ಆ ಭಾಗಕ್ಕೆ ಬರುವ ಮೊದಲೇ, ಗ್ರೀನ್‌ನ ಪ್ರಮೇಯವನ್ನು ಒಂದು ಆಯತಕ್ಕೆ ಮತ್ತು ಒಂದು ವೃತ್ತಕ್ಕೆ ಲೆಕ್ಕ ಮಾಡಿ ನೋಡಿದ್ದರೆ ಸಾಕು.